ಹಳೇ ಜೀಪಿನ ಹಿಂದಿನ ಲೈಟು ಹುಚ್ಚಾಟ ಆಡ್ತಿದ್ರೆ ಬಲ್ಬ್ ಆಮೇಲೆ, ಅರ್ತ್ ಮೊದ್ಲು

ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣುಕತ್ತೆ, ಇಂಡಿಕೇಟರ್ ಹಾಕಿದ್ರೆ ಟೇಲ್ ಲೈಟ್ ಮಂಕಾಗತ್ತೆ, ರಿವರ್ಸ್ ಲೈಟ್ ಅಂತೂ ಕೆಸರಲ್ಲಿ ಹೋಗಿ ಬಂದ ಮೇಲೆ ಎರಡು ದಿನ ರಜಾ. ಹಳೇ ಜೀಪು, ಹಳೇ ಫೋರ್ ಬೈ ಫೋರ್ ಇಟ್ಕೊಂಡವ್ರಿಗೆ ಇದೆಲ್ಲ ಮಾಮೂಲು. ಅದನ್ನ ರಿಪೇರಿ ಮಾಡೋ ರೀತೀನೂ ಮಾಮೂಲೇ: ಮೊದ್ಲು ಬಲ್ಬ್ ಬದಲಾಯಿಸ್ತಾರೆ, ಸರಿ ಹೋಗ್ಲಿಲ್ಲ ಅಂತ ಇಡೀ ಲೈಟ್ ಯೂನಿಟ್ಟೇ ಬದಲಾಯಿಸ್ತಾರೆ, ಆಮೇಲೆ ಫ್ಲಾಶರ್ (ಇಂಡಿಕೇಟರನ್ನ ಮಿಟುಕಿಸೋ ಡಬ್ಬಿ), ಕೊನೆಗೆ ಬೇಜಾರಾಗಿ ಡ್ಯಾಶ್‌ಬೋರ್ಡಿಂದ ಹಿಂದಿನ ತನಕ ಹೊಸ ವೈರ್ ಎಳೀತಾರೆ, ಇಷ್ಟೆಲ್ಲ ಆದ್ರೂ ಲೈಟ್ ಮಿಣುಕ್ತಾನೇ ಇರತ್ತೆ, ಯಾಕಂದ್ರೆ ತುಕ್ಕು ಹಿಡಿದ ಆ ಒಂದು ಅರ್ತ್ ಬೋಲ್ಟನ್ನ ಯಾರೂ ಮುಟ್ಟೇ ಇಲ್ಲ. ಅರ್ತ್ ಅಂದ್ರೆ ಲೈಟಿನ ಕರೆಂಟು ಗಾಡಿಯ ಲೋಹದ ಬಾಡಿ, ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ.

ಏನೇನು ಬೇಕು

ಮಲ್ಟಿಮೀಟರ್ ಒಂದು, ಗಾಡಿ ಉದ್ದಕ್ಕೂ ಸಾಕಾಗೋ ವೈರ್ ಒಂದು (ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ), ವೈರ್ ಬ್ರಷ್, ಎಮೆರಿ ಪೇಪರ್, ಮತ್ತೆ ಟೆಸ್ಟ್ ಲ್ಯಾಂಪ್. ಈ ಟೆಸ್ಟ್ ಲ್ಯಾಂಪ್ ದಯವಿಟ್ಟು ನೀವೇ ಮಾಡ್ಕೊಳ್ಳಿ, 21 ವ್ಯಾಟಿನ ಬಲ್ಬು, ಒಂದು ಹೋಲ್ಡರು, ಎರಡು ವೈರು ಅಷ್ಟೇ. ಪೆನ್ ಥರ ಇರೋ ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ಬೇಡವೇ ಬೇಡ, ಅದಕ್ಕೆ ಚೂರೇ ಚೂರು ಕರೆಂಟ್ ಸಾಕು, ಕೊಳೆತ ವೈರಲ್ಲೂ ಜುಮ್ ಅಂತ ಹತ್ತಿ ನಿಮ್ಮನ್ನ ದಾರಿ ತಪ್ಪಿಸತ್ತೆ.

ಶುರು ಮಾಡೋ ಮುಂಚೆ ಗಾಡಿ ಎಷ್ಟು ವೋಲ್ಟಿಂದು ಅಂತ ನೋಡ್ಕೊಳ್ಳಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ 6 ವೋಲ್ಟಿಂದು, ಅದರ ನಂತರ ಬಂದ ಮಿಲಿಟರಿ ಎಂ38 24 ವೋಲ್ಟಿಂದು. 1960ರ ದಶಕದ ಲ್ಯಾಂಡ್ ರೋವರ್‌ಗಳಲ್ಲಿ ಗಾಡಿಯ ಬಾಡಿಗೆ ಬ್ಯಾಟರಿಯ ಪಾಸಿಟಿವ್ ಕೊಟ್ಟಿರೋವೂ ಇವೆ. ನಾನಿಲ್ಲಿ ಹೇಳೋ ಲೆಕ್ಕ ಎಲ್ಲ 12 ವೋಲ್ಟ್, ನೆಗೆಟಿವ್ ಅರ್ತ್ ಗಾಡಿಗೆ, ಅಂದ್ರೆ ಬಾಡಿಗೆ ಬ್ಯಾಟರಿಯ ನೆಗೆಟಿವ್ ಕೊಟ್ಟಿರೋದಕ್ಕೆ. ಬ್ಯಾಟರಿ ಫುಲ್ ಚಾರ್ಜ್ ಆಗಿದ್ರೆ ಎಂಜಿನ್ ಆಫ್ ಇದ್ದಾಗ ಹತ್ತಿರ ಹತ್ತಿರ 12.6 ತೋರಿಸ್ಬೇಕು, 12ಕ್ಕಿಂತ ಕೆಳಗಿದ್ರೆ ಮೊದ್ಲು ಚಾರ್ಜ್ ಮಾಡಿ.

ಮೊದಲ ಹಂತ: ಲಕ್ಷಣ ಬರ್ಕೊಳ್ಳಿ

ಸ್ಪ್ಯಾನರ್ ಕೆಳಗಿಡಿ. ಒಬ್ಬರನ್ನ ಸೀಟಲ್ಲಿ ಕೂರಿಸಿ, ನೀವು ಹಿಂದೆ ನಿಂತು, ಟೇಲ್, ಬ್ರೇಕ್, ಎಡ, ಬಲ, ರಿವರ್ಸ್ ಒಂದೊಂದಾಗಿ ಹಾಕ್ಸಿ, ಆಮೇಲೆ ಎರಡೆರಡು ಸೇರಿಸಿ ಹಾಕ್ಸಿ, ಏನಾಗತ್ತೆ ಅಂತ ಕಾಗದದಲ್ಲಿ ಬರ್ಕೊಳ್ಳಿ. ಒಂದೇ ಒಂದು ಲೈಟ್ ಸತ್ತಿದ್ರೆ ಬಲ್ಬು, ಹೋಲ್ಡರು ಇಲ್ಲಾ ಅದರದ್ದೇ ವೈರು. ಬ್ರೇಕ್ ಲೈಟ್ ಎರಡೂ ಇಲ್ಲ, ಬೇರೆಲ್ಲ ಸರಿ ಇದೆ ಅಂದ್ರೆ ಫ್ಯೂಸು ಇಲ್ಲಾ ಬ್ರೇಕ್ ಸ್ವಿಚ್ಚು. ಅದು ಪೆಡಲ್ ಹತ್ರ ಇರತ್ತೆ, ತುಂಬ ಹಳೇದ್ರಲ್ಲಿ ಬ್ರೇಕ್ ಪೈಪ್ ಮೇಲೆ ಇರತ್ತೆ, ಅದರ ಎರಡು ವೈರನ್ನ ಒಂದಕ್ಕೊಂದು ತಾಗ್ಸಿದಾಗ ಲೈಟ್ ಹತ್ತಿದ್ರೆ ಸ್ವಿಚ್ ಹೋಗಿದೆ, ಕಥೆ ಮುಗೀತು.

ಆದ್ರೆ ಒಂದು ಲೈಟ್ ಹಾಕಿದ್ರೆ ಇನ್ನೊಂದು ಮಿಣುಕೋದು, ಎಲ್ಲಾ ಸೇರಿ ಮಂಕಾಗೋದು ಇದ್ರೆ ನೂರಕ್ಕೆ ತೊಂಬತ್ತು ಪಾಲು ಅರ್ತ್. ಯಾಕೆ ಅಂತ ಗೊತ್ತಾದ್ರೆ ಮುಂದಿನ ಕೆಲಸ ಸಲೀಸು. ಬ್ರೇಕಿಗೂ ಟೇಲಿಗೂ ಒಂದೇ ಬಲ್ಬು ಇರೋ ಕಡೆ ಅದರೊಳಗೆ ಎರಡು ಎಳೆ (ಉರಿಯೋ ಫಿಲಮೆಂಟ್) ಇರತ್ತೆ, 21 ವ್ಯಾಟಿಂದು ಬ್ರೇಕಿಗೆ, 5 ವ್ಯಾಟಿಂದು ಟೇಲಿಗೆ, ಎರಡಕ್ಕೂ ಅರ್ತ್ ಮಾತ್ರ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಆ ಅರ್ತ್ ಕಟ್ಟಾದಾಗ ಬ್ರೇಕಿನ ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಬೇಕಲ್ಲ, ಅದು 5 ವ್ಯಾಟಿನ ಎಳೆಗೆ ಹಿಂದಿನಿಂದ ನುಗ್ಗಿ, ಟೇಲ್ ಲೈಟಿನ ವೈರಲ್ಲಿ ಹೋಗಿ, ಆ ಕಡೆಯ ಲೈಟಿನ ಅರ್ತ್ ಹುಡುಕ್ಕೊಳ್ಳತ್ತೆ. ಲೈಟ್ ಸ್ವಿಚ್ ಆಫ್ ಇರುವಾಗ ಬ್ರೇಕ್ ಒತ್ತಿದ್ರೆ ಮೀಟರ್ ಬೋರ್ಡಿನ ದೀಪ ಮಂದವಾಗಿ ಹತ್ತೋದನ್ನ ನೋಡಿದೀರಾ? ಅದೂ ಇದೇ ಕರೆಂಟು.

ಎರಡನೇದು: ಬಲ್ಬು, ಹೋಲ್ಡರು

ಬೇಗ ಮುಗಿಸಿ. ಬಲ್ಬ್ ತೆಗೆದು ಬುಡ ಉಜ್ಜಿ, ಹೋಲ್ಡರ್ ಒಳಗೆ ಉಜ್ಜಿ, ತಳದ ಕಾಂಟ್ಯಾಕ್ಟು ಸ್ಪ್ರಿಂಗ್ ಥರ ಮೇಲೆದ್ದು ಬರತ್ತಾ ನೋಡಿ. ಒಂದೇ ಎಚ್ಚರಿಕೆ, ಎರಡು ಎಳೆ ಬಲ್ಬಿನ ಪಕ್ಕದ ಪಿನ್ನುಗಳು ಒಂದು ಮೇಲೆ ಒಂದು ಕೆಳಗೆ ಇರತ್ತೆ, ಒಂದೆಳೆ ಬಲ್ಬಿಂದು ಸಮ ಇರತ್ತೆ. ಅವಸರದಲ್ಲಿ ಯಾರೋ ಒಂದೆಳೆ ಬಲ್ಬನ್ನ ಎರಡೆಳೆ ಹೋಲ್ಡರಿಗೆ ತಿರುಚಿ ಕೂರಿಸಿರ್ತಾರೆ, ಆಗ ಅದರ ದಪ್ಪ ಕಾಂಟ್ಯಾಕ್ಟು ಬ್ರೇಕ್ ವೈರು ಟೇಲ್ ವೈರು ಎರಡನ್ನೂ ಸೇರಿಸಿಬಿಡತ್ತೆ.

ಮೂರನೇದು: ಅರ್ತ್ ಟೆಸ್ಟು (ಇಲ್ಲೇ ಎಲ್ಲರೂ ಎಡವೋದು)

ಸಾಮಾನ್ಯವಾಗಿ ಏನ್ಮಾಡ್ತಾರೆ ಅಂದ್ರೆ ಮಲ್ಟಿಮೀಟರನ್ನ ಬೀಪ್ ಮೋಡಿಗೆ ಹಾಕಿ, ಹೋಲ್ಡರಿಗೂ ಚಾಸಿಗೂ ತಾಗ್ಸಿ, ಬೀಪ್ ಬಂತು ಅರ್ತ್ ಸರಿ ಇದೆ ಅಂತ ಮುಂದೆ ಹೋಗ್ತಾರೆ. ಇದು ಟೆಸ್ಟೇ ಅಲ್ಲ. ಬೀಪ್ ಬರೋಕೆ ಮೀಟರು ಕಳ್ಸೋದು ಮಿಲಿಆಂಪ್ ಲೆಕ್ಕದ ಕರೆಂಟು, ವೈರಿನ ಎಲ್ಲಾ ಎಳೆ ಕಟ್ಟಾಗಿ ಒಂದೇ ಎಳೆ ಉಳಿದಿದ್ರೂ ಬೀಪ್ ಬರತ್ತೆ. 21 ವ್ಯಾಟಿನ ಬಲ್ಬಿಗೆ ಬೇಕಾಗಿರೋದು 1.75 ಆಂಪ್. ಹೋಲ್ಡರಲ್ಲಿ ಬಲ್ಬ್ ಇಲ್ಲದೇ ವೋಲ್ಟ್ ನೋಡೋದೂ ಅಷ್ಟೇ ಸುಳ್ಳು, ಕರೆಂಟ್ ಹರೀದಿದ್ದಾಗ ಎಂಥಾ ಲೂಸ್ ಕಾಂಟ್ಯಾಕ್ಟಲ್ಲೂ 12 ವೋಲ್ಟ್ ಸಲೀಸಾಗಿ ತೋರಿಸತ್ತೆ. ಆದ್ರಿಂದ ಲೈಟ್ ಹಾಕಿದ ಸ್ಥಿತಿಯಲ್ಲೇ ಟೆಸ್ಟ್ ಮಾಡ್ಬೇಕು.

ಬ್ರೇಕ್ ಪೆಡಲಿಗೂ ಸೀಟಿಗೂ ಮಧ್ಯ ಒಂದು ಕೋಲು ಕೊಟ್ಟು ಒತ್ತಿ ಹಿಡಿಸಿ, ಟೇಲ್ ಲೈಟೂ ಹಾಕಿ, ಎಂಜಿನ್ ಆಫ್ ಇರ್ಲಿ. ಉದ್ದ ವೈರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಹಾಕಿ, ಕ್ಲಾಂಪಿಗೆ ಬೇಡ, ಕ್ಲಾಂಪೇ ಲೂಸ್ ಇರಬಹುದು. ಇನ್ನೊಂದು ತುದಿಗೆ ಮೀಟರಿನ ಕಪ್ಪು ಪ್ರೋಬು. ಮೀಟರ್ ಡಿಸಿ ವೋಲ್ಟಲ್ಲಿ ಇರ್ಲಿ. ಈಗ ಕೆಂಪು ಪ್ರೋಬನ್ನ ಉರೀತಿರೋ ಬಲ್ಬಿನ ಹಿತ್ತಾಳೆ ಬುಡಕ್ಕೆ ಚುಚ್ಚಿ ಹಿಡೀರಿ. 0.1 ಬಂದ್ರೆ ಚೆನ್ನಾಗಿದೆ, 0.2 ತನಕ ನಾನು ಬಿಡ್ತೀನಿ, 0.5 ದಾಟಿದ್ರೆ ಎಲ್ಲೋ ಕೊಳೆತಿದೆ.

ಜಾಸ್ತಿ ಬಂತಾ, ಈಗ ಒಂದೊಂದೇ ಹೆಜ್ಜೆ ಬ್ಯಾಟರಿ ಕಡೆ ಬನ್ನಿ. ಬಲ್ಬಿನ ಬುಡ, ಹೋಲ್ಡರಿನ ತಗಡು, ಲೈಟಿನ ಬಾಡಿ, ಅದರ ಬೋಲ್ಟು, ಬೋಲ್ಟ್ ಕೂತಿರೋ ತಗಡು, ಚಾಸಿ, ಎಂಜಿನ್ನು. ಉದಾಹರಣೆಗೆ ಬುಡದಲ್ಲಿ 3.2, ಹೋಲ್ಡರಲ್ಲಿ 3.1, ಬೋಲ್ಟಲ್ಲೂ 3.1, ಪಕ್ಕದ ತಗಡಿನಲ್ಲಿ 0.15 ಬಂತು ಅಂದ್ಕೊಳ್ಳಿ. ಬೋಲ್ಟಿಗೂ ತಗಡಿಗೂ ಮಧ್ಯದ ಆ ಒಂದು ಜಾಗದಲ್ಲೇ ಸುಮಾರು 3 ವೋಲ್ಟ್ ತಿಂದು ಹಾಕ್ತಿದೆ, ಬೇರೆಲ್ಲೂ ಬಿಚ್ಚೋದು ಬೇಡ. ಪ್ರೋಬ್ ತಾಗಿಸುವಾಗ ಪೇಂಟು, ತುಕ್ಕಿನ ಮೇಲಲ್ಲ, ಕೆರೆದು ಹೊಳೆಯೋ ಲೋಹಕ್ಕೇ ತಾಗ್ಸಿ, ಇಲ್ಲಾಂದ್ರೆ ಮೀಟರ್ ಸುಮ್ನೆ ಸೊನ್ನೆ ತೋರಿಸತ್ತೆ, ನೀವು ಸರಿ ಇದೆ ಅಂದ್ಕೊಂಡು ಮುಂದೆ ಹೋಗ್ತೀರ.

ಇಂಥ ಗಾಡಿಗಳಲ್ಲಿ ಮೂರು ಕಡೆ ಜಾಸ್ತಿ ಸಿಗತ್ತೆ. ಬಾಡಿ ಚಾಸಿ ಮಧ್ಯ ರಬ್ಬರ್ ಪ್ಯಾಕಿಂಗ್ ಇರೋದ್ರಿಂದ ಬಾಡಿಗೆ ಅರ್ತ್ ತಾನಾಗೇ ಸಿಗಲ್ಲ. ಅಲ್ಯೂಮಿನಿಯಂ ಬಾಡಿಗೆ ಕಬ್ಬಿಣದ ಬೋಲ್ಟ್ ಹಾಕಿದ ಕಡೆ ನೀರು ಸೇರಿ ಬಿಳೀ ಪುಡಿ ಕಟ್ಟತ್ತೆ. ಇನ್ನು ಹೊಸದಾಗಿ ಪೇಂಟ್ ಮಾಡಿಸಿ ಪಳಪಳ ಅಂತ ತಂದ ಗಾಡೀಲೇ ಈ ಕಾಟ ಹೆಚ್ಚು, ಪೌಡರ್ ಕೋಟಿಂಗ್ ಮೇಲೆ ಬೋಲ್ಟ್ ಬಿಗಿದ್ರೆ ಅರ್ತ್ ಎಲ್ಲಿಂದ ಬರ್ಬೇಕು?

ಸರಿ ಮಾಡೋದು ಸುಲಭ, ಹೊಳೆಯೋ ತನಕ ಉಜ್ಜಿ, ಹೊಸ ಥಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸೋ ಲೋಹದ ಬಳೆ), ಹಲ್ಲಿರೋ ವಾಷರ್, ಬಿಗಿಯಾಗಿ ಬೋಲ್ಟು, ಆಮೇಲೆ ಮೇಲಿಂದ ಗ್ರೀಸು. ತುಕ್ಕು ಬಿಡ್ಸೋ ಸ್ಪ್ರೇ ಹೊಡೆದು ಕೈ ತೊಳ್ಕೊಳ್ಳೋರು ಮುಂದಿನ ಮಳೆಗೆ ಮತ್ತೆ ಬರ್ತಾರೆ. ನನ್ನ ಕೇಳಿದ್ರೆ ಬಾಡಿ ಅರ್ತನ್ನ ನಂಬೋದೇ ಬೇಡ, ಎರಡೂ ಲೈಟಿನ ಹೋಲ್ಡರಿಂದ ದಪ್ಪ ಕಪ್ಪು ವೈರ್ ತಂದು ಚಾಸಿಯ ಒಂದೇ ಬೋಲ್ಟಿಗೆ ಕೂರಿಸಿ, ಚಾಸಿಯಿಂದ ಬ್ಯಾಟರಿಗೆ ಹೋಗೋ ಪಟ್ಟಿನೂ ಅವತ್ತೇ ಕ್ಲೀನ್ ಮಾಡಿ.

ಪಾಸಿಟಿವ್ ಕಡೆ

ಅರ್ತ್ ಸರಿ ಇದ್ದೂ ಮಂಕು ಅಂದ್ರೆ ಇದೇ ಟೆಸ್ಟನ್ನ ತಿರುಗ್ಸಿ, ಕೆಂಪು ಪ್ರೋಬು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಪ್ರೋಬು ಹೋಲ್ಡರಿಗೆ ಬರೋ ವೈರಿಗೆ. ಸ್ವಿಚ್ಚು, ಫ್ಯೂಸು ಎಲ್ಲ ದಾಟಿ ಬರೋದ್ರಿಂದ ಇಲ್ಲಿ ಅರ್ಧ ವೋಲ್ಟ್ ತನಕ ಪರವಾಗಿಲ್ಲ. ಹಳೇ ಬ್ರಿಟಿಷ್ ವೈರಿಂಗಲ್ಲಿ ಕೆಂಪು ಟೇಲಿಗೆ, ಹಸಿರು ನೇರಳೆ ಬ್ರೇಕಿಗೆ, ಹಸಿರು ಕೆಂಪು ಎಡ ಇಂಡಿಕೇಟರಿಗೆ, ಹಸಿರು ಬಿಳಿ ಬಲಕ್ಕೆ, ಕಪ್ಪು ಅರ್ತು. ಮಧ್ಯದಲ್ಲಿ ಯಾರೂ ಬಣ್ಣ ಬದಲಾಯಿಸಿಲ್ಲ ಅಂದ್ರೆ, ಅಷ್ಟು ಪುಣ್ಯ ಎಲ್ಲರಿಗೂ ಇರಲ್ಲ.

ವೈರು ಚಾಸಿ ಒಳಗೆ ಹೋಗೋ ತೂತಲ್ಲಿ ರಬ್ಬರ್ ಗ್ರೊಮೆಟ್ ಇದೆಯಾ ನೋಡಿ, ಆಮೇಲೆ ಸೈಲೆನ್ಸರ್ ಪಕ್ಕ, ಆಮೇಲೆ ಟ್ರೇಲರ್ ಸಾಕೆಟ್. ಸಾಕೆಟ್ ಹಾಕುವಾಗ ವೈರನ್ನ ಕಚ್ಚಿ ಹಿಡಿಯೋ ನೀಲಿ ಪ್ಲಾಸ್ಟಿಕ್ ಕ್ಲಿಪ್ ಹಾಕಿರ್ತಾರೆ, ಅದನ್ನ ಕಂಡ ಕಡೆ ಕಿತ್ತು ಬಿಸಾಕಿ, ಅದು ವೈರಿನ ಎಳೆ ಕೊಯ್ದು ಒಳಗೆ ನೀರು ಬಿಡತ್ತೆ. ಇನ್ಸುಲೇಶನ್ ಸುಲಿದಾಗ ತಾಮ್ರ ಕಪ್ಪಾಗಿದ್ರೆ ಅದಕ್ಕೆ ಬೆಸುಗೆ ಹಿಡಿಯಲ್ಲ, ಕೆಂಪು ತಾಮ್ರ ಸಿಗೋ ತನಕ ಕತ್ತರಿಸ್ತಾ ಹೋಗಿ, ಹೊಸ ತುಂಡು ಸೇರ್ಸಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಕಪ್ಪು ಟೇಪ್ ಸುತ್ತಿದ್ರೆ ಬಿಸಿಲಿಗೆ ಅಂಟು ಕರಗಿ ಬಿಚ್ಕೊಳ್ಳತ್ತೆ.

ಫ್ಯೂಸ್ ಹೋಗ್ತಾನೇ ಇದ್ರೆ

ದೊಡ್ಡ ಫ್ಯೂಸ್ ಹಾಕ್ಬೇಡಿ, ಬೆಳ್ಳಿ ಕಾಗದ ಸುತ್ತೋದಂತೂ ಗಾಡಿಗೆ ಬೆಂಕಿ ಇಟ್ಟಂಗೆ. ಆ ಸರ್ಕ್ಯೂಟಿನ ಬಲ್ಬೆಲ್ಲ ತೆಗೆದಿಟ್ಟು, ಫ್ಯೂಸ್ ಜಾಗಕ್ಕೆ ನಿಮ್ಮ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಹಾಕಿ ಸ್ವಿಚ್ ಆನ್ ಮಾಡಿ. ಶಾರ್ಟ್ ಇರೋ ತನಕ ಅದು ಪೂರ್ತಿ ಉರಿಯತ್ತೆ. ವೈರನ್ನ ಅಲ್ಲಲ್ಲಿ ಅಲ್ಲಾಡಿಸ್ತಾ, ಕನೆಕ್ಟರ್ ಒಂದೊಂದೇ ಬಿಚ್ತಾ ಹಿಂದೆ ಹೋಗಿ, ಯಾವುದನ್ನ ಮುಟ್ಟಿದಾಗ ಲ್ಯಾಂಪ್ ಆರತ್ತೋ ಅಲ್ಲೇ ಇದೆ ಶಾರ್ಟು.

ಇಷ್ಟು ಮುಗಿಯೋ ತನಕ ಎಲ್‌ಇಡಿ ಬಲ್ಬ್ ಹಾಕೋ ಯೋಚನೆ ಬೇಡ. ಕರೆಂಟ್ ಕಮ್ಮಿ ಎಳೆಯೋದ್ರಿಂದ ಕೆಟ್ಟ ಅರ್ತನ್ನ ಮುಚ್ಚಿಡತ್ತೆ, ಕರೆಂಟಿನ ಬಿಸಿಗೆ ಪಟ್ಟಿ ಬಾಗಿ ಕೆಲಸ ಮಾಡೋ ಹಳೇ ಬೈಮೆಟಲ್ ಫ್ಲಾಶರಿಗೆ ಅಷ್ಟು ಕರೆಂಟ್ ಸಾಲದೇ ಇಂಡಿಕೇಟರ್ ಮಿಟುಕೋದೇ ನಿಲ್ಲತ್ತೆ. ಕೊನೆಗೆ ಟೇಲ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲ ಒಟ್ಟಿಗೆ ಹಾಕಿ ಎರಡೂ ಹೋಲ್ಡರಲ್ಲಿ ಅರ್ತ್ ವೋಲ್ಟ್ ಮತ್ತೊಂದ್ಸಲ ನೋಡಿ, ಲೈಟಿನ ಮೇಲೆ ಪೈಪಲ್ಲಿ ನೀರು ಬಿಟ್ಟು ಇನ್ನೊಂದ್ಸಲ ನೋಡಿ. ನೀರು ಬಿದ್ಮೇಲೆ ಏರಿದ್ರೆ ಗ್ಲಾಸಿನ ರಬ್ಬರ್ ಬದಲಾಯಿಸಿ, ತಳದಲ್ಲಿ ನೀರು ಇಳಿಯೋ ತೂತು ಕೆಸರು ತುಂಬಿ ಮುಚ್ಚಿದ್ರೆ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ.