ಆಡಿದ ಮಾತು, ಸೂಚಿಸಿದ ಮಾತು: ಅರ್ಥ ಬಿಡಿಸುವ ಕ್ರಮ

‘ನಾನು ಹಾಗೆ ಹೇಳಲೇ ಇಲ್ಲ.’ ‘ಅದರ ಅರ್ಥ ಅದೇ ತಾನೇ?’ ಈ ಜಗಳದಲ್ಲಿ ಇಬ್ಬರೂ ಸರಿಯಿರುವುದುಂಟು. ಒಬ್ಬರು ಆಡಿದ್ದನ್ನು ಹಿಡಿದಿರುತ್ತಾರೆ, ಇನ್ನೊಬ್ಬರು ಸೂಚಿಸಿದ್ದನ್ನು.

ಮೊದಲು ವಾಕ್ಯವನ್ನು ಇದ್ದ ಹಾಗೇ ಬರೆದುಕೊಳ್ಳಿ. ಯಾರು, ಯಾರಿಗೆ, ಯಾವಾಗ ಹೇಳಿದ್ದೆಂದು ಪಕ್ಕದಲ್ಲಿ ಗುರುತಿಸಿ. ಸಾರಾಂಶ ಬರೆದುಕೊಂಡರೆ ಕೆಲಸ ಕೆಟ್ಟಿತು: ‘ಅವನು ಬಂದ’, ‘ಅವನೂ ಬಂದ’, ‘ಅವನೇ ಬಂದ’ ಇವುಗಳ ನಡುವೆ ಇರುವುದು ಒಂದು ಸ್ವರದ ಅಂತರ, ಆದರೆ ಮಾತು ಮೂರು.

ಬಳಿಕ ವಾಚ್ಯಾರ್ಥ, ಅಂದರೆ ಪದಗಳು ನೇರವಾಗಿ ಹೇಳುವ ಅರ್ಥ. ಪದಕ್ಕೆ ಎರಡು ಅರ್ಥವಿದ್ದರೆ ಅಕ್ಕಪಕ್ಕ ನೋಡಿ. ‘ಹತ್ತು ಮರ’, ‘ಮರ ಹತ್ತು’ ಎಂಬಲ್ಲಿ ಪದ ಕೂತ ಜಾಗವೇ ತೀರ್ಮಾನ ಹೇಳುತ್ತದೆ. ಇಲ್ಲಿ ಪಂಡಿತರೂ ಎಡವುವುದು ವ್ಯುತ್ಪತ್ತಿಗೆ ಜೋತುಬಿದ್ದು. ‘ಪ್ರವೀಣ’ದ ಮೂಲದಲ್ಲಿ ವೀಣೆಯಿದೆಯೆಂದು ಈಜಿನಲ್ಲಿ ಪ್ರವೀಣನಾದವನ ಕೈಯಲ್ಲಿ ವೀಣೆ ಹುಡುಕುವುದೇ?

ವಾಚ್ಯಾರ್ಥ ಹೊಂದದಿದ್ದಾಗ ಮಾತ್ರ ಲಕ್ಷಣೆಗೆ, ಅಂದರೆ ಅದಕ್ಕೆ ನಂಟಿರುವ ಬೇರೆ ಅರ್ಥಕ್ಕೆ, ಹೋಗಿ. ಅದಕ್ಕೆ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ಇಟ್ಟ ಷರತ್ತು ಮೂರು: ಮುಖ್ಯಾರ್ಥಕ್ಕೆ (ವಾಚ್ಯಾರ್ಥಕ್ಕೇ ಈ ಹೆಸರು) ಬಾಧೆ ಬರಬೇಕು, ಹೊಸ ಅರ್ಥಕ್ಕೆ ಅದರೊಡನೆ ಸಂಬಂಧವಿರಬೇಕು, ರೂಢಿಯೋ ಪ್ರಯೋಜನವೋ (ಹಾಗೆ ಹೇಳುವುದಕ್ಕೊಂದು ಉದ್ದೇಶ) ಬೆನ್ನಿಗಿರಬೇಕು. ‘ಇಡೀ ಊರು ಮಲಗಿತ್ತು.’ ಊರು ಮಲಗದು. ಊರಿಗೂ ಜನಕ್ಕೂ ನಂಟಿದೆ. ಹಾಗೆ ಹೇಳುವುದು ರೂಢಿ. ಮೂರರಲ್ಲಿ ಒಂದು ತಪ್ಪಿದರೂ ನೀವು ಕಂಡ ಅರ್ಥ ನಿಮ್ಮದು, ವಾಕ್ಯದ್ದಲ್ಲ.

ಕಷ್ಟವಿರುವುದು ಹೇಳದೆ ತಿಳಿಸಿದ್ದರಲ್ಲಿ. ಹರಟುತ್ತ ಕೂತ ಅತಿಥಿಗೆ ‘ಗಂಟೆ ಹನ್ನೊಂದಾಯಿತು’ ಎಂದರೆ ‘ಇನ್ನು ಏಳಿ’ ಎಂದು. ಇದು ಸೂಚನೆಯೋ ವಾಚ್ಯವೋ ತಿಳಿಯಲು ರದ್ದುಮಾಡಿ ನೋಡಿ. ಭಾಷೆಯ ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರ ಲೇಖನದಲ್ಲಿ ಕೊಟ್ಟ ಒರೆಗಲ್ಲು ಇದೇ. ‘ಗಂಟೆ ಹನ್ನೊಂದಾಯಿತು, ಆದರೂ ನೀವು ಕೂತಿರಿ’ ಎನ್ನಬಹುದು. ‘ಹನ್ನೊಂದಾಯಿತು, ಆದರೆ ಹನ್ನೊಂದಾಗಿಲ್ಲ’ ಎನ್ನಲಾಗದು. ರದ್ದಾದದ್ದು ಸೂಚನೆ, ರದ್ದಾಗದ್ದು ವಾಚ್ಯ.

‘ಅವನೂ ಬಂದ’ ಈ ಒರೆಗೆ ಸಿಕ್ಕುವುದಿಲ್ಲ. ಬೇರೆಯವರು ಬಂದಿದ್ದಾರೆಂದು ‘ಊ’ ಮೊದಲೇ ಒಪ್ಪಿಕೊಂಡಿದೆ. ಅಂಥದ್ದನ್ನು ಪ್ರಶ್ನೆಯಾಗಿಸಿ: ‘ಅವನೂ ಬಂದನೇ?’ ಅವನು ಬಂದದ್ದು ಅನುಮಾನಕ್ಕೆ ಬಿತ್ತು, ಬೇರೆಯವರು ಬಂದದ್ದು ಹಾಗೇ ಉಳಿಯಿತು. ‘ಸಿಗರೇಟು ಬಿಟ್ಟೆಯಾ?’ ಎಂಬುದೂ ಇದೇ ಜಾತಿ. ಹೌದೆಂದರೂ ಇಲ್ಲವೆಂದರೂ ಸೇದುತ್ತಿದ್ದುದನ್ನು ಒಪ್ಪಿದಂತೆ. ಸೇದಿಯೇ ಇಲ್ಲದವರು ಪ್ರಶ್ನೆಯನ್ನೇ ತಿರಸ್ಕರಿಸಬೇಕು.

‘ಆಹಾ, ಎಂಥ ಬುದ್ಧಿ!’ ಬರಹದಲ್ಲಿ ಸಿಕ್ಕರೆ ಯಾವ ಪರೀಕ್ಷೆಯೂ ನಡೆಯದು. ಅದರ ಅರ್ಥ ದನಿಯಲ್ಲಿತ್ತು. ಬರೆದವರನ್ನೇ ಕೇಳಿ.