ನಮ್ಮೂರಿನ ಕೊಂಬೆಗಳಿಲ್ಲದ ಮರ: ಹೆಪಟೈಟಿಸ್ ಸಿ ಜಾಡು ಹಿಡಿದ ಅನುಭವ

ಹೆಪಟೈಟಿಸ್ ಸಿ ಎಂಬುದು ರಕ್ತದ ಮೂಲಕ ಹರಡಿ ಲಿವರ್ ಕೆಡಿಸುವ ವೈರಸ್. ಅದು ಇದ್ದವರನ್ನು ‘ಯಾವಾಗ ತಗುಲಿತು?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹೆಚ್ಚಿನವರಿಗೆ ಕಾಮಣಿಯೂ ಆಗಿರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು, ಆಪರೇಷನ್ನಿಗೆ ಮುಂಚಿನ ರಕ್ತ ಪರೀಕ್ಷೆಯಲ್ಲೋ, ಲಿವರ್ ಕೆಟ್ಟ ಮೇಲೋ ಗೊತ್ತಾಗುತ್ತದೆ. ಹಾಗಾಗಿ ವೈರಸ್ಸನ್ನೇ ಕೇಳಬೇಕು. ಬೆಳಗಾವಿಯ ಲ್ಯಾಬಿನಲ್ಲಿ ಕೂತು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಾದರಿಗಳ ಮೇಲೆ ನಾನು ಮಾಡಿದ್ದು ಅದನ್ನೇ.

ಈ ವೈರಸ್ಸಿನ ಆನುವಂಶಿಕ ಬರಹ, ಅಂದರೆ ಆರ್‌ಎನ್‌ಎ, ಸುಮಾರು 9,600 ಅಕ್ಷರ ಉದ್ದ. ನಕಲಾಗುವಾಗ ತಪ್ಪು ತಿದ್ದುವ ಏರ್ಪಾಡು ಅದಕ್ಕಿಲ್ಲ; ಸಾವಿರ ಅಕ್ಷರಕ್ಕೆ ವರ್ಷಕ್ಕೆ ಸುಮಾರು ಒಂದರಂತೆ ಬದಲಾವಣೆ ಉಳಿದುಕೊಳ್ಳುತ್ತವೆ. ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಓಲೆಗರಿ ಕೂಡಿಸಿದವರು. ಅಂಥ ಪ್ರತಿಗಳಲ್ಲಿ ಒಂದೇ ತಪ್ಪು ಎರಡು ಕಡೆ ಕಂಡರೆ ಎರಡಕ್ಕೂ ಮೂಲಪ್ರತಿ ಒಂದೇ ಇರಬೇಕೆಂದು ಸಂಪಾದಕರು ಊಹಿಸುತ್ತಾರಲ್ಲ, ನಾವು ಕಟ್ಟುವ ವಂಶವೃಕ್ಷದ ತರ್ಕವೂ ಅದೇ.

ಈಜಿಪ್ಟಿನ ಕಥೆ ಓದಿದ ಮೇಲೆ ನನಗೆ ಇದರ ಗೀಳು ಹಿಡಿಯಿತು. ಅಲ್ಲಿ 1980ರ ದಶಕದವರೆಗೂ ಶಿಸ್ಟೊಸೋಮಾ ಹುಳುವಿನ ರೋಗಕ್ಕೆ ಸರ್ಕಾರವೇ ಊರೂರಿಗೆ ಹೋಗಿ ಆಂಟಿಮನಿ ಇಂಜೆಕ್ಷನ್ ಕೊಡಿಸಿತು. ಸಿರಿಂಜುಗಳು ಮತ್ತೆ ಮತ್ತೆ ಬಳಕೆಯಾದವು. ರೋಗ ವಾಸಿ ಮಾಡಲು ಹೊರಟವರ ಸೂಜಿಯೇ 4ಎ ಎಂಬ ತಳಿಯನ್ನು ದೇಶವಿಡೀ ಹಬ್ಬಿಸಿತು. ಬರೀ ವೈರಸ್ಸಿನ ಅಕ್ಷರಗಳಿಂದ ಲೆಕ್ಕ ಹಾಕಿದಾಗಲೂ ಆ ಹಬ್ಬುವಿಕೆ 20ನೇ ಶತಮಾನದ ಆ ದಶಕಗಳಿಗೇ ಬಂದು ನಿಂತಿತು.

ಭಾರತದಲ್ಲಿ ಹೆಚ್ಚು ಸಿಗುವುದು 3ನೇ ಜೀನೋಟೈಪ್ (ತಳಿ), ದಕ್ಷಿಣದಲ್ಲಿ 1 ಕೂಡ ಸಾಕಷ್ಟಿದೆ. ನಮಗೆ ಬಂದವೂ ಹಾಗೇ ಇದ್ದವು.

ಮಾದರಿ ತರಿಸುವುದೇ ದೊಡ್ಡ ಹರಸಾಹಸ. ಬೇಸಿಗೆಯಲ್ಲಿ ವಿಜಯಪುರದಿಂದ ಬೆಳಗಾವಿ ಮುಟ್ಟುವಷ್ಟರಲ್ಲಿ ಆರ್‌ಎನ್‌ಎ ಹಾಳಾಗುತ್ತದೆ. ಅದಕ್ಕೆ ರಕ್ತವನ್ನು ಹಾಗೇ ಕಳಿಸಬೇಡಿ, ಅಲ್ಲೇ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಿ, ಫ್ರೀಜ್ ಮಾಡಿ ಐಸ್ ಡಬ್ಬಿಯಲ್ಲಿ ಕಳಿಸಿ ಅಂತ ಟೆಕ್ನೀಷಿಯನ್ನರ ಬೆನ್ನು ಹತ್ತಿದೆ. ಆಂಟಿಬಾಡಿ ಪಾಸಿಟಿವ್ ಬಂದವರಲ್ಲಿ ಒಂದಷ್ಟು ಜನರಿಗೆ ವೈರಸ್ ತಾನೇ ಹೋಗಿರುತ್ತದೆ; ಅವರಲ್ಲಿ ಓದಲು ಏನೂ ಸಿಗದು.

ಜೀನೋಮಿನ ತುದಿಯ 5’ ಯುಟಿಆರ್ ಭಾಗ, ಓದಲು ಸಾಕಾಗುವಷ್ಟು ನಕಲು ಮಾಡುವ ಪಿಸಿಆರ್‌ನಲ್ಲಿ ಸಲೀಸಾಗಿ ಬರುತ್ತದೆ. ಆದರೆ ಅದು ಬದಲಾಗುವುದೇ ಕಡಿಮೆ, ಉಪತಳಿ ಗುರುತಿಸಲು ನಂಬಬಾರದು. ನಾನು ಎನ್‌ಎಸ್5ಬಿ ಎಂಬ ಜೀನಿನ ಭಾಗ ಆರಿಸಿಕೊಂಡೆ. ಅಲ್ಲಿನ ನಾನೂರರ ಹತ್ತಿರದ ಅಕ್ಷರಗಳು ತಳಿ, ಉಪತಳಿಗೆ ಸಾಕು. ಇಬ್ಬರು ರೋಗಿಗಳ ನಡುವೆ ಇತ್ತೀಚಿನ ನಂಟಿದೆಯೇ ಎಂದು ನೋಡಲು ಇ2 ಜೀನಿನ ಬಹುಬೇಗ ಬದಲಾಗುವ ಎಚ್‌ವಿಆರ್1 ತುಣುಕೂ ಬೇಕು. ಸೀಕ್ವೆನ್ಸ್‌ಗಳನ್ನು, ಅಂದರೆ ಓದಿದ ಅಕ್ಷರಸಾಲುಗಳನ್ನು, ಮಾಫ್ಟ್ ಎಂಬ ಸಾಫ್ಟ್‌ವೇರಿನಲ್ಲಿ ಸಾಲುಗೂಡಿಸಿ, ಐಕ್ಯೂ-ಟ್ರೀ ಎಂಬ ಇನ್ನೊಂದರಲ್ಲಿ ವಂಶವೃಕ್ಷದ ಮರ ಕಟ್ಟಿದೆ. ಇಷ್ಟಕ್ಕೆ ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಕಷ್ಟ ಇದ್ದದ್ದು ಪ್ರಶ್ನಾವಳಿಯಲ್ಲಿ. ಇಂಜೆಕ್ಷನ್ ಮಾಡಿಸಿಕೊಂಡ ಇಸವಿ ಎಂಬ ಕಾಲಂ ಸಾಲುಸಾಲಾಗಿ ಖಾಲಿ. ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ನಕ್ಕೇಬಿಟ್ಟರು: “ಇಸ್ವಿ ಯಾರಿಗೆ ನೆನಪಿರತೈತ್ರಿ ಸಾಹೇಬ್ರ?”

“ಹೋಗ್ಲಿ ಯವ್ವಾ, ಮುಳುಗಡೆಗಿಂತ ಮೊದ್ಲೋ, ಆಮ್ಯಾಲೋ?”

“ಮೊದ್ಲರಿ. ಹಳೇ ಊರಾಗ ಇದ್ದಾಗ. ಕಂಪೌಂಡರ್ ಮನಿಗೇ ಬರ್ತಿದ್ದ. ಗಾಜಿನ ಸಿರಿಂಜು, ಒಂದ ಸೂಜಿ. ಬಿಸಿನೀರಾಗ ಅದ್ದಿ ಓಣಿ ಮಂದಿಗೆಲ್ಲಾ ಚುಚ್ತಿದ್ದ.”

ಆಲಮಟ್ಟಿ ಹಿನ್ನೀರು ಊರು ನುಂಗಿದ್ದನ್ನು ಆ ಭಾಗದವರು ಮರೆಯುವುದಿಲ್ಲ. ನಮ್ಮ ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ, ಈ ಶತಮಾನದ ಆರಂಭದಲ್ಲಿ. ಹಾಗಾಗಿ ಆ ಒಂದು ಪ್ರಶ್ನೆಯಿಂದ ರಕ್ತ ಹಾಕಿಸಿಕೊಂಡವರನ್ನೂ ಎರಡು ಗುಂಪು ಮಾಡಲು ಬಂತು. ಇಸವಿಯ ಕಾಲಂ ತೆಗೆದೇಬಿಟ್ಟೆ. ಮುಳುಗಡೆ, ಹಿರೇ ಮಗಳ ಲಗ್ನ, ಕೊನೇ ಬಾಣಂತನ ಎಂದು ಕೇಳತೊಡಗಿದೆ.

ಇನ್ನು ಮರದ ವಿಷಯ. ಒಂದೇ ಕಡೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಇಬ್ಬರ ವೈರಸ್ಸುಗಳು ಮರದಲ್ಲಿ ಅಕ್ಕಪಕ್ಕ ಕೂತವು, ಆ ಕೊಂಬೆಯನ್ನು ಎಷ್ಟು ನಂಬಬಹುದೆಂದು ಹೇಳುವ ಬೂಟ್‌ಸ್ಟ್ರ್ಯಾಪ್ ಅಂಕವೂ ಚೆನ್ನಾಗಿತ್ತು. ನೋಡಿದವರೆಲ್ಲ ‘ಸಿಕ್ಕಿತು’ ಎಂದರು. ನನಗೆ ಸಮಾಧಾನವಾಗಲಿಲ್ಲ. ಹೋಲಿಸಲು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸೀಕ್ವೆನ್ಸ್ ಭಂಡಾರದಿಂದ ತೆಗೆದವುಗಳಲ್ಲಿ ನಮ್ಮ ಭಾಗದ್ದು ಒಂದೂ ಇರಲಿಲ್ಲ. ಎಲ್ಲವೂ ದೂರದ ಊರು, ಪರದೇಶಗಳವು. ಅವುಗಳ ನಡುವೆ ನಮ್ಮ ಕಡೆಯ ಯಾರಿಬ್ಬರನ್ನು ಕೂರಿಸಿದರೂ ಅಣ್ಣತಮ್ಮಂದಿರಂತೆಯೇ ಕಾಣುತ್ತಾರೆ. ಡಯಾಲಿಸಿಸ್ ಮುಖ ಕಾಣದ, ಅದೇ ಜಿಲ್ಲೆಗಳ ಇತರರ ಸೀಕ್ವೆನ್ಸ್ ಸೇರಿಸಿ ಮತ್ತೆ ಕಟ್ಟಿದಾಗ ಆ ಇಬ್ಬರ ಮಧ್ಯೆ ಬೇರೆಯವರು ಬಂದು ಕೂತರು. ಎಚ್‌ವಿಆರ್1 ಕೂಡ ದೂರವಾಗಿಯೇ ಇತ್ತು. ಈ ಕೆಲಸಕ್ಕೆ ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ: ಶಂಕೆಯಿರುವವರ ಮಾದರಿಗಿಂತ ಶಂಕೆಯಿಲ್ಲದವರ ಮಾದರಿ ಜಾಸ್ತಿ ತೆಗೆಯಿರಿ. ನಿಜವಾಗಿ ಹತ್ತಿರವಿದ್ದರೂ ಯಾರಿಂದ ಯಾರಿಗೆ ಹೋಯಿತೆಂದು ಇಂಥ ಮರ ಹೇಳುವುದಿಲ್ಲ. ಇಬ್ಬರಿಗೂ ಮೂರನೆಯವರಿಂದ ಬಂದಿರಬಹುದು.

2018ರಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಸೋಫೋಸ್‌ಬುವಿರ್, ಡಕ್ಲಟಾಸ್‌ವಿರ್ ಮಾತ್ರೆ ಪುಕ್ಕಟೆ ಸಿಗುತ್ತವೆ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಇಲ್ಲದವರಿಗೆ 12 ವಾರದ ಕೋರ್ಸು. ಮಾತ್ರೆ ಶುರುವಾದರೆ ವೈರಸ್ ಬೇಗ ಇಳಿದುಬಿಡುತ್ತದೆ, ಆಮೇಲೆ ಪಿಸಿಆರ್ ಏಳುವುದಿಲ್ಲ. ಅದಕ್ಕೆ ಒಪ್ಪಿಗೆ ಪತ್ರವನ್ನೂ ರಕ್ತವನ್ನೂ ಮೊದಲ ಮಾತ್ರೆಯ ದಿನವೇ ತೆಗೆದುಕೊಳ್ಳುತ್ತೇನೆ, ನಮ್ಮ ಮಾದರಿಗಾಗಿ ಮಾತ್ರೆಯನ್ನು ಒಂದು ದಿನವೂ ತಡೆಯುವುದಿಲ್ಲ. ಜೆನ್‌ಬ್ಯಾಂಕಿಗೆ ಹಾಕುವಾಗ ರಾಜ್ಯ ಮತ್ತು ವರ್ಷ ಅಷ್ಟೇ ಬರೆಯುತ್ತೇನೆ. ಹಳ್ಳಿಯ ಹೆಸರು ಹಾಕಿದರೆ ಅಲ್ಲಿನ ಯಾವ ಕಂಪೌಂಡರ್ ಎಂದು ಊರವರಿಗೆ ಗೊತ್ತಾಗಲು ಮರ ಬೇಕಾಗುವುದಿಲ್ಲ.