ಬೆಳಗ್ಗೆ ಎಂಟೂವರೆವರೆಗೆ ನನ್ನ ಕೈಗೆ ರಜೆ

ಈಗ ಹನ್ನೊಂದು ತಿಂಗಳಾಯ್ತು, ಬೆಳಗ್ಗೆ ಎಂಟೂವರೆಗೆ ಮೊದಲು ನಾನು ಅಡುಗೆಮನೆಗೆ ಕಾಲಿಟ್ಟಿಲ್ಲ. ಮನೆಯಲ್ಲಿ ಯಾರೂ ಹಸಿದುಕೊಂಡು ಹೋಗಿಲ್ಲ. "ಬೆಳಗ್ಗೆ ಒಲೆ ಮುಂದೆ ನೀವಿಲ್ಲದೆ ಮನೆ ನಡೆಯುತ್ತಾ?" ಅಂದಿದ್ದ ಓರಗಿತ್ತಿಯೇ ಹೋದ ವಾರ ಫೋನ್ ಮಾಡಿ, "ಅಕ್ಕಾ, ಅದು ಹೇಗೆ ಮಾಡ್ತೀರಿ, ನಂಗೂ ಹೇಳಿ" ಅಂದಳು.

ಆಮವಾತ, ಅಂದರೆ ಕೀಲುಗಳು ಊದಿ ನೋಯುವ ರುಮಟಾಯ್ಡ್ ಆರ್ಥ್ರೈಟಿಸ್, ಇರುವವರಿಗೆ ಬೆಳಗಿನ ಬಿಗಿತ ಏನಂತ ನಾನು ಹೇಳಬೇಕಿಲ್ಲ. ನನಗೆ ಒಂಬತ್ತು ವರ್ಷದಿಂದ ಇದೆ. ಐದೂವರೆಗೆ ಎದ್ದರೆ ಎಂಟರವರೆಗೆ ಬೆರಳು ಮಡಚುತ್ತಿರಲಿಲ್ಲ. ನಂದಿನಿ ಪ್ಯಾಕೆಟ್ಟಿನ ಮೂಲೆ ಕತ್ತರಿಸೋಣ ಅಂದರೆ ಊದಿದ ಹೆಬ್ಬೆರಳು ಕತ್ತರಿಯೊಳಗೆ ತೂರುತ್ತಿರಲಿಲ್ಲ, ಹಲ್ಲಿನಿಂದ ಕಚ್ಚುತ್ತಿದ್ದೆ. ಒಂದು ದಿನ ಪ್ಯಾಕೆಟ್ ಕೈಜಾರಿ ಅರ್ಧ ಲೀಟರ್ ಹಾಲು ನೆಲದ ಪಾಲಾಯಿತು. ಒರೆಸಲು ಬಗ್ಗಲಾಗದೆ ಅಲ್ಲೇ ನಿಂತು ಅತ್ತಿದ್ದೇನೆ.

ಮೊದಲ ಮೂರು ವರ್ಷ ದುಡ್ಡು ಸುರಿದೆ. ಪಾತ್ರೆ ತೊಳೆಯುವ ಮಷಿನ್‌ಗೆ ಸುಮಾರು 32 ಸಾವಿರ. ಬಗ್ಗಿ ಬಗ್ಗಿ ಪಾತ್ರೆ ಜೋಡಿಸುವಷ್ಟರಲ್ಲಿ ಸೊಂಟ, ಮಂಡಿ ಎರಡೂ ಹಿಡಿದುಕೊಂಡವು. ಅದು ಈಗ ತಂಗಿ ಮನೆಯಲ್ಲಿದೆ. ಚಪಾತಿ ಮಷಿನ್‌ಗೆ ಮೂರು ಸಾವಿರ ಹೋಯಿತು. ಅದರ ಮುಚ್ಚಳ ಒತ್ತಲು ಲಟ್ಟಣಿಗೆಗಿಂತ ಜಾಸ್ತಿ ಶಕ್ತಿ ಬೇಕು! ಅಡುಗೆಯವರನ್ನು ತಿಂಗಳಿಗೆ ಆರು ಸಾವಿರಕ್ಕೆ ಇಟ್ಟುಕೊಂಡೆ. ಅವರು ಬಾರದ ದಿನ ಮತ್ತೆ ಅದೇ ಐದೂವರೆ.

ಆಮೇಲೆ ಎರಡು ವಾರ ಸುಮ್ನೆ ಗಮನಿಸಿದೆ. ನನ್ನ ಕೈ ಚೆನ್ನಾಗಿ ಓಡುವುದು ಸಂಜೆ ನಾಲ್ಕರಿಂದ ಏಳರವರೆಗೆ. ಹಾಗಿದ್ದ ಮೇಲೆ ನಾಳೆಯ ಬೆಳಗಿನ ಕೆಲಸ ಇವತ್ತು ಸಂಜೆಯೇ ಯಾಕೆ ಆಗಬಾರದು?

ಈಗ ಸಂಜೆಯೇ ಗೊಜ್ಜವಲಕ್ಕಿಗೆ ಹುಣಸೆ, ಬೆಲ್ಲ, ಪುಡಿ ಕಲಸಿ, ಒಗ್ಗರಣೆ ಮಾಡಿ ಡಬ್ಬಿಯಲ್ಲಿಡುತ್ತೇನೆ. ಬೆಳಗ್ಗೆ ನಮ್ಮ ಯಜಮಾನರು ತರಿ ಅವಲಕ್ಕಿ ನೆನೆಸಿ ಕಲಸಿದರೆ ಆಯ್ತು. ವಾರಕ್ಕೆ ಮೂರು ದಿನ ಇಡ್ಲಿ. ಹಿಟ್ಟು ಅಂಗಡಿಯದು, ನಾಚಿಕೆ ಇಲ್ಲ. ಡಿಕಾಕ್ಷನ್ ರಾತ್ರಿಯೇ ಫಿಲ್ಟರಿನಲ್ಲಿ ಇಳಿದಿರುತ್ತದೆ. ಹಾಲನ್ನೂ ರಾತ್ರಿಯೇ ಕಾಯಿಸಿಡುತ್ತೇನೆ, ಬೆಳಗ್ಗೆ ಪ್ಯಾಕೆಟ್ ಮುಟ್ಟುವ ಹಾಗೇ ಇಲ್ಲ.

ಖರ್ಚು ಅಂತ ಆದದ್ದು ಸುಮಾರು ನಾಲ್ಕು ಸಾವಿರ. ಆಸ್ಪತ್ರೆಗಳಲ್ಲಿ ಮೊಣಕೈಯಿಂದ ತಳ್ಳುವ ಉದ್ದ ಹಿಡಿಯ ನಲ್ಲಿ ಇರುತ್ತಲ್ಲ, ಅಂಥವು ಎರಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು ಹಾಕಿಸಿದೆ. ಸೌಟು, ಜಾರಾಗಳ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ತೊಡಿಸಿದೆ. ಅದು ಬಿಸಿನೀರಿಗೂ ಜಾರದ ಹಾಗೆ ಕೂರಿಸುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಾತ್ರೆ ವಿಚಾರದಲ್ಲಿ ಒಂದು ಸಲ ದೊಡ್ಡ ಗಂಡಾಂತರ ತಪ್ಪಿತು. ಆಮವಾತಕ್ಕೆ ನಾನು ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ದಿನದ ಮಾತ್ರೆಗಳ ಜೊತೆ ಅದೂ ಒಂದೇ ಡಬ್ಬಿಯಲ್ಲಿತ್ತು. ಭಾನುವಾರ ನುಂಗಿದ್ದನ್ನೇ ಸೋಮವಾರವೂ ಅಂಗೈಗೆ ಹಾಕಿಕೊಂಡಿದ್ದೆ. ಮಗಳು ನೋಡಿ ಕೈ ಹಿಡಿದಳು. ಈಗ ಅದಕ್ಕೆ ಬೇರೆ ಡಬ್ಬಿ, ಬೇರೆ ಕಪಾಟು. ಡಾಕ್ಟರನ್ನು ಕೇಳಿ ದಿನವನ್ನೂ ಶನಿವಾರ ರಾತ್ರಿಗೆ ಬದಲಾಯಿಸಿಕೊಂಡೆ. ಮಾರನೇ ದಿನ ನನಗೆ ವಾಕರಿಕೆ, ಸುಸ್ತು ಜಾಸ್ತಿ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ನಾನು ಮಲಗಿರುತ್ತೇನೆ.

ನಡುವೆ ಮುದ್ದೆಯ ಪ್ರಯೋಗವೂ ನಡೆಯಿತು. ಕೋಲು ತಿರುವುವುದು ಮಣಿಕಟ್ಟಿಗೆ ಆಗದ ಕೆಲಸ. ಕುಕ್ಕರಿನಲ್ಲಿ ಕುದಿಯುವ ನೀರಿಗೆ ಹಿಟ್ಟು ಸುರಿದು, ಕೆದಕದೆ ಮುಚ್ಚಿ ಒಂದು ಕೂಗು ಕೂಗಿಸಿದೆ. ನಾಲ್ಕು ಸಲ ಗಂಟಾಯಿತು, ಐದನೇ ಸಲ ಸರಿಹೋಯಿತು. ಪಾತ್ರೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ, ಅರ್ಧ ಶಕ್ತಿ ಉಳಿಯುತ್ತದೆ. ನೀರಿನ ಅಳತೆ ಮಾತ್ರ ನನ್ನಲ್ಲೇ ಇರಲಿ.

ಇನ್ನು ಉಳಿದಿರುವುದು ಅವರೆಕಾಯಿ ಕಾಲ. ಗಾಂಧಿ ಬಜಾರಿನಲ್ಲಿ ಹಿತುಕಿದ ಬೇಳೆಯೇ ಸಿಗುತ್ತೆ, ಆದರೆ ರೇಟು ಜಾಸ್ತಿ, ಮತ್ತೆ ನನಗೆ ನಾನೇ ಹಿತುಕಬೇಕು ಅನ್ನುವ ಆಸೆ. ಎಲ್ಲರೂ ರಾತ್ರಿ ನೆನೆಹಾಕಿ ಬೆಳಗ್ಗೆ ಹಿತುಕುತ್ತಾರೆ. ನಾನು ಕಳೆದ ಸಲ ಬೆಳಗ್ಗೆ ಮಗಳ ಕೈಲಿ ನೆನೆಹಾಕಿಸಿ ಸಂಜೆ ನಾಲ್ಕಕ್ಕೆ ಕೂತೆ. ಅರ್ಧ ಕೆಜಿಗೆ ಎರಡು ಸಂಜೆ ಹಿಡಿಯಿತು. ಈ ಸಲ ಒಂದೇ ಸಂಜೆಗೆ ಮುಗಿಸುತ್ತೇನೆ.